ಸಣ್ಣ ಹಸಿರಡಿಕೆ ಯಾವ ಬುಟ್ಟಿಗೆ? ನಿಯಮ ಬದಲಾದಾಗ ತಡವರಿಸಿದ ಒಬ್ಬ ಮಾಣಿಯ ಪ್ರಕರಣ

ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಮಗುವಿಗೆ ಆಗ ಮೂರೂವರೆ ವರ್ಷ. ಮನೆಯಲ್ಲಿ ಎಲ್ಲರೂ ಅವನನ್ನು ಮಾಣಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಒಂದನೇ ಕ್ಲಾಸಿಗೆ ಹೋಗುವ ಅಕ್ಕ ಇದ್ದಾಳೆ. ಈ ಕಡೆಯ ಹವ್ಯಕರ ಮನೆಗಳಲ್ಲಿ ಇರುವ ಹಾಗೆ ಮಕ್ಕಳಿಗೆ ತಾಯಿ ಅಂದರೆ ಆಯಿ, ಅಜ್ಜಿ ಅಂದರೆ ಅಮ್ಮ. ಮಾಣಿ ಬೆಳಿಗ್ಗೆ ಊರಿನ ಅಂಗನವಾಡಿಗೆ ಹೋಗುತ್ತಾನೆ. ನಾನು ಪುಟ್ಟ ಮಕ್ಕಳ ಕಲಿಕೆಯ ವಿಷಯದಲ್ಲಿ ಅಂಗನವಾಡಿ ಶಿಕ್ಷಕಿಯರ ಜೊತೆ ಕೆಲಸ ಮಾಡುವವಳು. ಆಯಿ ನನ್ನನ್ನು ಮನೆಗೆ ಕರೆದದ್ದು ಒಂದು ಪ್ರಶ್ನೆ ಇಟ್ಟುಕೊಂಡು: "ಅಕ್ಕಾ, ಇವ ಬೇಕು ಅಂತಲೇ ಮಾಡ್ತ್ನಾ, ಇಲ್ಲಾ ಇವಂಗೆ ತಿಳಿತಾನೇ ಇಲ್ಯಾ?"

ಎರಡೂ ಅಲ್ಲ ಅನ್ನುವುದು ನನ್ನ ಉತ್ತರ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಜಗುಲಿಯಲ್ಲಿ ನಡೆದದ್ದು

ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವ ಸಮಯ. ಮರ ಹತ್ತಿ ಕೊಯ್ಯುವ ಕೊನೆಗೌಡ ಇಳಿಸಿದ ಕೊನೆಗಳು ಅಂಗಳಕ್ಕೆ ಬಂದು ಬೀಳುತ್ತವೆ. ಹಸಿರು ಇರುವಾಗಲೇ ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ಹಾಕಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದದ್ದನ್ನು ಸಿಪ್ಪೆ ಸಮೇತ 40-45 ದಿನ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಅಂದರೆ ಈ ಮನೆಗಳಲ್ಲಿ ಹಸಿರು ಯಾವುದು, ಹಣ್ಣು ಯಾವುದು ಅಂತ ಬೇರೆ ಮಾಡುವುದು ಆಟದ ಮಾತಲ್ಲ. ವರ್ಷದ ದುಡ್ಡು ಅದರಲ್ಲಿದೆ. ಮಾಣಿ ಹುಟ್ಟಿದಾಗಿಂದ ಇದನ್ನು ನೋಡಿಕೊಂಡೇ ಬೆಳೆದಿದ್ದಾನೆ.

ರಾತ್ರಿ ಎಲ್ಲರೂ ಜಗುಲಿಯಲ್ಲಿ ಕೂತು ಸುಲಿಯುತ್ತಾರೆ. ಮೆಟ್ಟುಗತ್ತಿಯ ಹತ್ತಿರ ಮಗು ಬರಬಾರದು ಅಂತ ಅಜ್ಜಿ ಅವನಿಗೆ ಒಂದು ಆಟ ಮಾಡಿಕೊಟ್ಟಿದ್ದರು. ಉದುರಿದ ಅಡಿಕೆಯ ಸಣ್ಣ ರಾಶಿ, ಎರಡು ಬುಟ್ಟಿ. ಹಸಿರು ಗೋಡೆ ಕಡೆಯ ಬುಟ್ಟಿಗೆ, ಹಣ್ಣು ಬಾಗಿಲ ಕಡೆಯ ಬುಟ್ಟಿಗೆ. ಮಾಣಿ ಇದನ್ನು ಬೇಗ ಕಲಿತ. ತಪ್ಪೇ ಇಲ್ಲದಂತೆ ಹಾಕುತ್ತಿದ್ದ. ನೋಡಿದವರೆಲ್ಲ ಹೊಗಳಿದರು.

ಒಂದು ರಾತ್ರಿ ಅಜ್ಜಿಗೆ ಮಗುವಿಗೆ ಬೇಸರ ಬಂದಿರಬೇಕು ಅನ್ನಿಸಿತು. ಆಟ ಬದಲಿಸಿದರು. "ಮಾಣಿ, ಈಗ ಬಣ್ಣ ನೋಡದು ಬ್ಯಾಡ. ದೊಡ್ಡದೆಲ್ಲ ಗೋಡೆ ಕಡೆಗೆ, ಸಣ್ಣದೆಲ್ಲ ಬಾಗಿಲ ಕಡೆಗೆ." ಮಾಣಿ ಹೂಂ ಅಂದ. ಒಂದು ದೊಡ್ಡ ಹಸಿರಡಿಕೆ ತೆಗೆದು ಗೋಡೆ ಕಡೆಗೆ ಹಾಕಿದ. ಸರಿ. ಸಣ್ಣ ಹಣ್ಣೊಂದನ್ನು ಬಾಗಿಲ ಕಡೆಗೆ ಹಾಕಿದ. ಸರಿ. ಆಮೇಲೆ ಸಣ್ಣ ಹಸಿರಡಿಕೆ ಕೈಗೆ ಬಂತು. ಗೋಡೆ ಕಡೆಗೆ ಹಾಕಿದ. ತಪ್ಪು. ಅಜ್ಜಿ ಮತ್ತೆ ಹೇಳಿದರು. ಮತ್ತೆ ಹೂಂ ಅಂದ. ದೊಡ್ಡ ಹಣ್ಣೊಂದನ್ನು ಬಾಗಿಲ ಕಡೆಗೆ ಹಾಕಿದ. ಅದೂ ತಪ್ಪು.

ಹೀಗೇ ನಡೆಯಿತು. ಅಜ್ಜಿ ಮೂರು ಸಲ ಮೆತ್ತಗೆ ಹೇಳಿದರು. ದೊಡ್ಡಪ್ಪ ಸ್ವಲ್ಪ ಗಟ್ಟಿಯಾಗಿ ಹೇಳಿದರು. ಅಕ್ಕನಿಗೆ ತಾಳ್ಮೆ ಮುಗಿಯಿತು: "ಆಯೀ, ಇವಂಗೆ ಎಷ್ಟು ಸಲ ಹೇಳಿದ್ರೂ ಗೊತ್ತಾಗ್ತಿಲ್ಲೆ!" ಕೊನೆಗೆ ಯಾರೋ ಗದರಿದರು. ಮಾಣಿ ಬುಟ್ಟಿ ಮಗುಚಿ ಹಾಕಿ ಅತ್ತ.

ಇಷ್ಟೇ ಆಗಿದ್ದರೆ ಆಯಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದೇ ದಿನಗಳಲ್ಲಿ ಅಂಗನವಾಡಿಯಿಂದಲೂ ಇಂಥದೇ ಮಾತು ಬಂತು. ಅಲ್ಲಿ ಮರದ ತುಂಡುಗಳನ್ನು ಬಣ್ಣ ನೋಡಿ ಡಬ್ಬಿಗೆ ತುಂಬಿಸುವುದು ರೂಢಿ. ಈಗ ಆಕಾರ ನೋಡಿ ತುಂಬಿಸಿ ಅಂದರೆ ಮಾಣಿ ಕೇಳುವುದಿಲ್ಲ, ತನ್ನದೇ ನಡೆಸುತ್ತಾನೆ ಅಂತ. ಮನೆಯವರ ತೀರ್ಮಾನ ಆಗಲೇ ಆಗಿಹೋಗಿತ್ತು. ಇವನಿಗೆ ಹಠ ಜಾಸ್ತಿ.

ಅರ್ಧ ಸರಿ ಹಾಕಿದ್ದೇ ಮುಳುವಾಯಿತು

ಮನೆಯವರು ಆ ತೀರ್ಮಾನಕ್ಕೆ ಬರಲು ಒಂದು ಬಲವಾದ ಕಾರಣ ಇತ್ತು. ಮಾಣಿ ಹೊಸ ಆಟದಲ್ಲೂ ಹೆಚ್ಚುಕಮ್ಮಿ ಅರ್ಧದಷ್ಟು ಅಡಿಕೆಯನ್ನು ಸರಿಯಾಗಿಯೇ ಹಾಕುತ್ತಿದ್ದ. "ಬೇಕಾದಾಗ ಸರಿ ಹಾಕ್ತಾನೆ, ಬೇಡದಾಗ ತಪ್ಪು ಹಾಕ್ತಾನೆ, ಹಂಗಾದ್ರೆ ಬೇಕು ಅಂತಲೇ ಅಲ್ವಾ?" ಅಂತ ದೊಡ್ಡಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ.

ಆದರೆ ರಾಶಿಯನ್ನು ಬಿಡಿಸಿ ನೋಡಿ. ಅದರಲ್ಲಿ ನಾಲ್ಕು ತರದ ಅಡಿಕೆ ಇದೆ. ದೊಡ್ಡ ಹಸಿರು, ಸಣ್ಣ ಹಸಿರು, ದೊಡ್ಡ ಹಣ್ಣು, ಸಣ್ಣ ಹಣ್ಣು. ದೊಡ್ಡ ಹಸಿರನ್ನು ಬಣ್ಣ ನೋಡಿ ಹಾಕಿದರೂ ಗೋಡೆ ಕಡೆಗೆ, ಗಾತ್ರ ನೋಡಿ ಹಾಕಿದರೂ ಗೋಡೆ ಕಡೆಗೆ. ಸಣ್ಣ ಹಣ್ಣು ಎರಡೂ ಲೆಕ್ಕದಲ್ಲಿ ಬಾಗಿಲ ಕಡೆಗೆ. ಇವೆರಡರಲ್ಲಿ ಹಳೆ ನಿಯಮ, ಹೊಸ ನಿಯಮ ಒಂದೇ ಉತ್ತರ ಕೊಡುತ್ತವೆ. ಜಗಳ ಇರುವುದು ಸಣ್ಣ ಹಸಿರು ಮತ್ತು ದೊಡ್ಡ ಹಣ್ಣಿನಲ್ಲಿ ಮಾತ್ರ. ಮಾಣಿ ತಪ್ಪಿದ್ದೆಲ್ಲ ಆ ಎರಡರಲ್ಲೇ. ಅವನು ಒಮ್ಮೆ ಕೇಳಿ ಒಮ್ಮೆ ಬಿಡುತ್ತಿರಲಿಲ್ಲ. ಒಂದೇ ಒಂದು ನಿಯಮವನ್ನು, ಹಳೆಯದನ್ನು, ಒಂದು ಸಲವೂ ತಪ್ಪದೆ ನಡೆಸುತ್ತಿದ್ದ. ಕೆಲವು ಅಡಿಕೆಗಳಲ್ಲಿ ಅದು ಹೊಸ ನಿಯಮದ ಜೊತೆ ತಾನಾಗಿ ಹೊಂದಿಕೊಂಡಿತು, ಅಷ್ಟೆ.

ಇದನ್ನು ಮೊದಲು ಕಂಡುಹಿಡಿದದ್ದು ಆಯಿ. ಅವರ ಎದುರಿಗೆ ರಾಶಿಯನ್ನು ನಾಲ್ಕು ಪಾಲು ಮಾಡಿಟ್ಟಾಗ ಅವರು ತಕ್ಷಣ ಹೇಳಿದರು: "ಅಯ್ಯೋ, ಇವ ಬಣ್ಣ ಬಿಟ್ಟೇ ಇಲ್ಲೆ." ಮನೆಯ ಮಾತಿನ ಧಾಟಿ ಬದಲಾದದ್ದು ಅಲ್ಲಿಂದ.

ಪ್ರಯೋಗಾಲಯದಲ್ಲಿ ಈ ಗೊಂದಲ ಬರದ ಹಾಗೆ ನೋಡಿಕೊಳ್ಳುತ್ತಾರೆ. ಮನಶ್ಶಾಸ್ತ್ರಜ್ಞ ಫಿಲಿಪ್ ಝೆಲಾಜೊ ಮತ್ತು ಜೊತೆಗಾರರು 1990ರ ದಶಕದಲ್ಲಿ ರೂಪಿಸಿದ ಕಾರ್ಡು ವಿಂಗಡಿಸುವ ಆಟ ಈಗ ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಎರಡು ತಟ್ಟೆ. ಒಂದರ ಮೇಲೆ ನೀಲಿ ಮೊಲದ ಚಿತ್ರ, ಇನ್ನೊಂದರ ಮೇಲೆ ಕೆಂಪು ದೋಣಿಯ ಚಿತ್ರ. ಮಗುವಿನ ಕೈಗೆ ಕೊಡುವ ಕಾರ್ಡುಗಳು ಕೆಂಪು ಮೊಲ ಮತ್ತು ನೀಲಿ ದೋಣಿ. ಮೊದಲು ಬಣ್ಣದ ಆಟ, ಆರು ಕಾರ್ಡು. ಆಮೇಲೆ ಆಕಾರದ ಆಟ, ಮತ್ತೆ ಆರು. ಅಲ್ಲಿ ಪ್ರತಿ ಕಾರ್ಡಿನಲ್ಲೂ ಜಗಳ ಇದೆ. ಹಳೆ ನಿಯಮ ಹಿಡಿದರೆ ಎಲ್ಲವೂ ತಪ್ಪು, ಹೊಸದು ಹಿಡಿದರೆ ಎಲ್ಲವೂ ಸರಿ. ಸರಿ ತಪ್ಪು ಅಂತ ಮಗುವಿಗೆ ಹೇಳುವುದಿಲ್ಲ, ಆದರೆ ಪ್ರತಿ ಸಲವೂ ನಿಯಮವನ್ನು ನೆನಪು ಮಾಡಿಕೊಡುತ್ತಾರೆ. ಆದರೂ ಮೂರು ವರ್ಷದ ಹೆಚ್ಚಿನ ಮಕ್ಕಳು ಹಳೆ ನಿಯಮದಲ್ಲೇ ಮುಂದುವರಿಯುತ್ತಾರೆ. ಐದು ವರ್ಷದ ಹೊತ್ತಿಗೆ ಹೆಚ್ಚಿನವರು ಸಲೀಸಾಗಿ ಬದಲಾಯಿಸುತ್ತಾರೆ. ಮಾಣಿ ಈ ಎರಡರ ನಡುವೆ, ಮೂರರ ಕಡೆಗೇ ಹತ್ತಿರ ಇದ್ದ. ಅವನ ವಯಸ್ಸಿಗೆ ಇದು ಏನೂ ವಿಶೇಷವಲ್ಲ.

ಬೇರೆ ಕಾರಣ ಇದೆಯಾ ಅಂತ ನೋಡಿದ್ದು

ಕಿವಿ ಸರಿ ಇತ್ತು. ಒಳಗಿನ ಕೋಣೆಯಿಂದ ಮೆತ್ತಗೆ ಕರೆದರೂ ಬರುತ್ತಿದ್ದ. ಬಣ್ಣಗಳನ್ನು ಬೇರೆ ಮಾಡುವುದು ಗೊತ್ತಿತ್ತು, ಅದನ್ನು ಅವನೇ ತೋರಿಸಿದ್ದ. ದೊಡ್ಡದು ಸಣ್ಣದು ತಿಳಿಯುವುದಿಲ್ಲವೇನೋ ಅಂತ ಅನುಮಾನ ಇತ್ತು. ಬರೀ ಹಣ್ಣಡಿಕೆಯ ರಾಶಿ ಕೊಟ್ಟು ದೊಡ್ಡದು ಸಣ್ಣದು ಬೇರೆ ಮಾಡು ಅಂದೆವು. ಚೆನ್ನಾಗಿ ಮಾಡಿದ.

ಇನ್ನೊಂದು ಅನುಮಾನ ಅಜ್ಜಿಯದು. ಅಡಿಕೆಯ ಮನೆಯಲ್ಲಿ ಬೆಳೆದ ಮಗುವಿಗೆ ಬಣ್ಣವೇ ದೊಡ್ಡದಾಗಿ ಕಾಣುತ್ತದೆಯೇನೋ ಅಂತ. ನನಗೂ ಇದು ಸಾಧ್ಯ ಅನ್ನಿಸಿತ್ತು. ಪರೀಕ್ಷೆ ಮಾಡಲು ಆಯಿಯ ಹೊಲಿಗೆ ಡಬ್ಬಿಯಿಂದ ಹಳೆ ಅಂಗಿಗಳ ಗುಂಡಿ ತೆಗೆದೆವು. ನಮ್ಮ ಕಣ್ಣೆದುರಿಗೇ, ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಂಡು. ಈ ಸಲ ಮೊದಲು ಗಾತ್ರ, ಆಮೇಲೆ ಬಣ್ಣ. ಮಾಣಿ ಗಾತ್ರದಲ್ಲಿ ಸಿಕ್ಕಿಕೊಂಡ. ಬಣ್ಣ ನೋಡು ಅಂದರೂ ಗಾತ್ರವನ್ನೇ ನೋಡಿ ಹಾಕಿದ. ಅಂದರೆ ಬಣ್ಣದ ಮೇಲಿನ ಪ್ರೀತಿ ಅಲ್ಲ. ಯಾವುದು ಮೊದಲು ಬಂತೋ ಅದು ಹಿಡಿದುಕೊಳ್ಳುತ್ತದೆ. ಕಾರ್ಡಿನ ಆಟದಲ್ಲೂ ಹಾಗೇ. ಬಣ್ಣ ಮೊದಲಾದರೂ ಆಕಾರ ಮೊದಲಾದರೂ ಎರಡನೆಯದೇ ಕಷ್ಟ.

ಬಾಯಲ್ಲಿ ಇತ್ತು, ಕೈಗೆ ಬರಲಿಲ್ಲ

ಈ ಪ್ರಕರಣದ ತಿರುಳು ಇಲ್ಲಿದೆ ಅಂತ ನಾನು ನಂಬುತ್ತೇನೆ.

ಗಾತ್ರದ ಆಟದ ನಡುವೆ ನಿಲ್ಲಿಸಿ ಮಾಣಿಯನ್ನು ಕೇಳಿದೆ. "ದೊಡ್ಡ ಅಡಿಕೆ ಎಲ್ಲಿಗೆ?" ಗೋಡೆ ಕಡೆಯ ಬುಟ್ಟಿ ತೋರಿಸಿದ. "ಸಣ್ಣದು?" ಬಾಗಿಲ ಕಡೆಯದನ್ನು ತೋರಿಸಿದ. "ಎಂಗೆ ಗೊತ್ತಿದ್ದು" (ನನಗೆ ಗೊತ್ತು) ಅಂತಲೂ ಸೇರಿಸಿದ. ಮರುಕ್ಷಣ ಒಂದು ಸಣ್ಣ ಹಸಿರಡಿಕೆ ಕೈಗೆ ಕೊಟ್ಟೆ. ಗೋಡೆ ಕಡೆಗೆ ಹಾಕಿದ. ನೋಡುತ್ತಿದ್ದ ದೊಡ್ಡಪ್ಪನಿಗೆ ಇದು ಹಠದ ಪಕ್ಕಾ ಸಾಕ್ಷಿ. ಗೊತ್ತಿದ್ದೂ ಮಾಡುತ್ತಿಲ್ಲ!

1996ರಲ್ಲಿ ಝೆಲಾಜೊ, ಫ್ರೈ, ರಾಪಸ್ ಸೇರಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ವರ್ಷದ ಮಕ್ಕಳು ಇದನ್ನೇ ಮಾಡಿದ್ದರು. ಹೊಸ ನಿಯಮ ಹೇಳು ಅಂದರೆ ಸರಿಯಾಗಿ ಹೇಳಿ, ಕಾರ್ಡನ್ನು ಹಳೆ ನಿಯಮದಂತೆ ಇಟ್ಟರು. ತಿಳಿದಿರುವುದು ಬೇರೆ, ಅದನ್ನು ಬಳಸುವುದು ಬೇರೆ ಅಂತ ಅವರು ಅರ್ಥ ಮಾಡಿದರು. ಆದರೆ 2001ರಲ್ಲಿ ಯೂಕೊ ಮುನಾಕಾಟಾ ಮತ್ತು ಬೆಂಜಮಿನ್ ಯೆರಿಸ್ ಒಂದು ಜಾಣ ಪ್ರಶ್ನೆ ಎತ್ತಿದರು. ನಾವು ಕೇಳುವ ಪ್ರಶ್ನೆ ಸುಲಭದ್ದು, ಕೊಡುವ ಕಾರ್ಡು ಕಷ್ಟದ್ದು, ಹಾಗಿದ್ದರೆ ಹೋಲಿಕೆ ಸರಿಯೇ? "ಟ್ರಕ್ ಎಲ್ಲಿಗೆ?" ಅನ್ನುವ ಪ್ರಶ್ನೆಯಲ್ಲಿ ಬಣ್ಣದ ಸುದ್ದಿಯೇ ಇಲ್ಲ. ಕೈಗೆ ಬರುವ ಟ್ರಕ್ಕಿಗೆ ಮಾತ್ರ ಬಣ್ಣವೂ ಇದೆ. ಪ್ರಶ್ನೆಯಲ್ಲೂ ಎರಡನ್ನೂ ಸೇರಿಸಿ "ಕೆಂಪು ಟ್ರಕ್ ಎಲ್ಲಿಗೆ?" ಅಂತ ಕೇಳಿದಾಗ ಮಕ್ಕಳು ಬಾಯಲ್ಲೂ ತಪ್ಪಿದರು.

ಮಾಣಿಯನ್ನೂ ಹಾಗೇ ಕೇಳಿದೆ. "ಸಣ್ಣ ಹಸಿರು ಅಡಿಕೆ ಎಲ್ಲಿಗೆ?" ಅವನ ಬೆರಳು ಗೋಡೆ ಕಡೆಗೆ ಹೋಯಿತು. ಅಡಿಕೆ ಅವನ ಕೈಯಲ್ಲಿ ಇರಲಿಲ್ಲ. ಕೈ ರೂಢಿಯಂತೆ ಓಡಿತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹಸಿರು ಅಂತ ಕೇಳಿದ ಕೂಡಲೇ ಉತ್ತರ ಹಸಿರಿನ ಬುಟ್ಟಿಯೇ ಆಯಿತು.

ಇನ್ನೂ ಸ್ಪಷ್ಟವಾದದ್ದು ಅಕ್ಕನಿಂದ. ಅವಳನ್ನು ಗಾತ್ರದ ಆಟ ಆಡಲು ಕೂರಿಸಿ, ಮಾಣಿಗೆ ಅಕ್ಕ ಸರಿ ಹಾಕುತ್ತಾಳಾ ನೋಡು ಅಂದೆವು. ಅವಳು ದೊಡ್ಡ ಹಣ್ಣನ್ನು ಸರಿಯಾಗಿ ಗೋಡೆ ಕಡೆಗೆ ಹಾಕಿದಳು. ಮಾಣಿ ಎದ್ದು ನಿಂತು, "ಆಯೀ, ಅಕ್ಕ ತಪ್ಪು ಹಾಕ್ತಾ ಇದ್ದು!" ಅಂದ. ಅವನ ಮುಖದಲ್ಲಿ ತುಂಟತನ ಇರಲಿಲ್ಲ. ನಿಜವಾದ ಕಳಕಳಿ ಇತ್ತು. ಬೇಕು ಅಂತಲೇ ತಪ್ಪು ಮಾಡುವ ಮಗು ಬೇರೆಯವರ ಸರಿಯನ್ನು ತಪ್ಪು ಅಂತ ದೂರುವುದಿಲ್ಲ. ಬೊಂಬೆಗೆ ಕಾರ್ಡು ಹಾಕಲು ಬಿಟ್ಟು ಮಕ್ಕಳ ತೀರ್ಪು ಕೇಳಿದ ಪ್ರಯೋಗಗಳಲ್ಲೂ ಸಣ್ಣ ಮಕ್ಕಳು ಹಳೆ ನಿಯಮದಂತೆ ಹಾಕಿದ ಬೊಂಬೆಯನ್ನೇ ಸರಿ ಅಂದಿದ್ದಾರೆ. ದೊಡ್ಡಪ್ಪ ಆಮೇಲೆ ಹಠದ ಮಾತು ಎತ್ತಲಿಲ್ಲ.

ಹಾಗಾದರೆ ತೊಡಕು ಎಲ್ಲಿ? ಆ ಅಡಿಕೆಯನ್ನು ಕಣ್ಣು ನೋಡುವ ರೀತಿಯಲ್ಲಿ. ಮಾಣಿಗೆ ಅದು ಮೊದಲು "ಹಸಿರು". ಅದೇ ವಸ್ತುವನ್ನು ಈಗ "ಸಣ್ಣದು" ಅಂತ ನೋಡಬೇಕು. ಬಣ್ಣ ಎಲ್ಲೂ ಹೋಗಿಲ್ಲ, ಕಣ್ಣೆದುರಿಗೇ ಇದೆ. ಅದರಿಂದ ಗಮನ ಕೀಳಬೇಕು. ಇದನ್ನು ವಿವರಿಸುವುದರಲ್ಲಿ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಝೆಲಾಜೊ ಪ್ರಕಾರ ಮಗುವಿಗೆ ಎರಡು ನಿಯಮಗಳನ್ನು "ಈ ಆಟವಾದರೆ ಹೀಗೆ, ಆ ಆಟವಾದರೆ ಹಾಗೆ" ಅಂತ ಒಂದರ ಮೇಲೊಂದು ಕಟ್ಟುವುದು ಕಷ್ಟ. ಅಡೆಲ್ ಡೈಮಂಡ್ ಮತ್ತು ಜೊತೆಗಾರರು ಅದನ್ನು ಗಮನದ ಜಡತೆ ಅನ್ನುತ್ತಾರೆ, ಒಮ್ಮೆ ನೆಟ್ಟ ಗಮನ ಅಲ್ಲೇ ನಿಲ್ಲುತ್ತದೆ ಅಂತ. ಸಾಲ್ಜ್‌ಬರ್ಗ್‌ನ ಜೋಸೆಫ್ ಪರ್ನರ್ ಒಂದೇ ವಸ್ತುವಿಗೆ ಎರಡು ವಿವರಣೆ ಇರಬಹುದು ಅನ್ನುವುದೇ ಈ ವಯಸ್ಸಿಗೆ ಹೊಸತು ಅನ್ನುತ್ತಾರೆ. ಮಾಣಿಯನ್ನು ಹತ್ತಿರದಿಂದ ನೋಡಿದ ನನಗೆ ಡೈಮಂಡ್ ಮತ್ತು ಪರ್ನರ್ ಮಾತು ಹೆಚ್ಚು ಹೊಂದುತ್ತದೆ. ಮುಂದೆ ಯಾವುದು ಕೆಲಸ ಮಾಡಿತು ಅನ್ನುವುದು ಆ ಕಡೆಗೇ ಬೊಟ್ಟು ಮಾಡುತ್ತದೆ.

ಮಿದುಳಿನ ಮುಂಭಾಗ ಇದರಲ್ಲಿ ಕೆಲಸ ಮಾಡುತ್ತದೆ. ದೊಡ್ಡವರಲ್ಲಿ ಆ ಭಾಗಕ್ಕೆ ಪೆಟ್ಟಾದರೆ ಇಂಥದೇ ಅಂಟಿಕೊಳ್ಳುವಿಕೆ ಕಾಣುತ್ತದೆ ಅಂತ ಬ್ರೆಂಡಾ ಮಿಲ್ನರ್ 1963ರಲ್ಲೇ ತೋರಿಸಿದ್ದರು. 2009ರಲ್ಲಿ ಜಪಾನಿನಲ್ಲಿ ಮೊರಿಗುಚಿ ಮತ್ತು ಹಿರಾಕಿ ಪುಟ್ಟ ಮಕ್ಕಳ ತಲೆಗೆ ಬೆಳಕಿನ ಸಂವೇದಕ ಕಟ್ಟಿ ನೋಡಿದಾಗ, ನಿಯಮ ಬದಲಿಸಬಲ್ಲ ಮಕ್ಕಳಲ್ಲಿ ಆ ಭಾಗ ಚುರುಕಾಗಿತ್ತು. ಆ ಭಾಗ ಬಲಿಯಲು ವರ್ಷಗಳು ಬೇಕು. ಗದರಿಸಿ ಬೇಗ ಬಲಿಸಲು ಆಗುವುದಿಲ್ಲ.

ಬುಟ್ಟಿ ಅದಲುಬದಲು ಮಾಡಿದಾಗ

ನಿಯಮ ಬದಲಾಗುವುದರಲ್ಲೂ ಎರಡು ಬಗೆ ಇದೆ. ನೋಡುವ ಗುಣ ಅದೇ ಇದ್ದು ಉತ್ತರ ಮಾತ್ರ ತಿರುಗುಮುರುಗು ಆಗುವುದು ಒಂದು. ಹಸಿರು ಈಗ ಬಾಗಿಲ ಕಡೆಗೆ, ಹಣ್ಣು ಗೋಡೆ ಕಡೆಗೆ. ನೋಡುವ ಗುಣವೇ ಬದಲಾಗುವುದು ಇನ್ನೊಂದು, ಬಣ್ಣ ಬಿಟ್ಟು ಗಾತ್ರ. ಅಜ್ಜಿ ಮಾಡಿದ್ದು ಎರಡನೆಯದು.

ಮೊದಲನೆಯದನ್ನು ಮಾಣಿಗೆ ಕೊಟ್ಟಾಗ ಏನಾಯಿತು? ಒಂದು ಅಡಿಕೆ ತಪ್ಪಿದ, ತಡೆದು ನಿಂತ, ಆಮೇಲೆ ಸರಿಯಾಗಿ ಹಾಕುತ್ತಾ ಹೋದ. ಎಲ್ಲ ಅಡಿಕೆಯ ಉತ್ತರವೂ ಬದಲಾಗಿತ್ತು. ಹೊರಗಿನಿಂದ ನೋಡಿದರೆ ಇದೇ ದೊಡ್ಡ ಬದಲಾವಣೆ. ಗಾತ್ರದ ಆಟದಲ್ಲಿ ಅರ್ಧದ ಉತ್ತರ ಮಾತ್ರ ಬದಲಾಗಿತ್ತು. ಆದರೂ ಇದು ಸುಲಭವಾಯಿತು, ಅದು ಆಗಲಿಲ್ಲ. ಪರ್ನರ್ ಮತ್ತು ಬಿರ್ಗಿಟ್ ಲಾಂಗ್ 2002ರಲ್ಲಿ ಕಂಡದ್ದೂ ಇದೇ. ಬಾಯಿಬಿಟ್ಟು ನಿಯಮ ಹೇಳಿದರೆ ಮೂರು ವರ್ಷದ ಮಕ್ಕಳಿಗೂ ತಿರುಗುಮುರುಗು ಆಟ ಅಷ್ಟು ಕಷ್ಟವಲ್ಲ.

ಹಳೆಯ ಸಂಶೋಧನೆ ಓದಿದವರಿಗೆ ಇಲ್ಲಿ ಗೊಂದಲ ಆಗುತ್ತದೆ. ಹೋವರ್ಡ್ ಮತ್ತು ಟ್ರೇಸಿ ಕೆಂಡ್ಲರ್ ದಂಪತಿ 1959ರಿಂದ ಮಾಡಿದ ಪ್ರಯೋಗಗಳು ಬೇರೆಯದೇ ಹೇಳುತ್ತವೆ. ಗಾತ್ರ ಮತ್ತು ಕಪ್ಪು-ಬಿಳುಪಿನಲ್ಲಿ ಬೇರೆ ಬೇರೆ ಇರುವ ವಸ್ತುಗಳಲ್ಲಿ ಸರಿಯಾದದ್ದನ್ನು ಆರಿಸುವುದು ಅವರ ಆಟ. ಇಂಥ ಆಟದಲ್ಲಿ ಇಲಿಗಳಿಗೆ ತಿರುಗುಮುರುಗು ಕಷ್ಟ, ಹೊಸ ಗುಣಕ್ಕೆ ಹೋಗುವುದು ಸುಲಭ. ಕಾಲೇಜು ವಿದ್ಯಾರ್ಥಿಗಳಿಗೆ ಪೂರ್ತಿ ಉಲ್ಟಾ. ಶಿಶುವಿಹಾರದ ಮಕ್ಕಳು ನಡುವೆ. ಅವರಲ್ಲೂ ಮೊದಲ ಪಾಠ ಬೇಗ ಕಲಿತವರು ದೊಡ್ಡವರ ಹಾಗೆ, ನಿಧಾನ ಕಲಿತವರು ಇನ್ನೊಂದು ಕಡೆಗೆ. ವಯಸ್ಸು ಏರಿದ ಹಾಗೆ ಮಕ್ಕಳು "ಇಲ್ಲಿ ನೋಡಬೇಕಾದ್ದು ಗಾತ್ರ" ಅಂತ ಒಳಗೊಳಗೇ ಹೇಳಿಕೊಳ್ಳಲು ಕಲಿಯುತ್ತಾರೆ, ಹಾಗಾಗಿ ಅದೇ ಗುಣದಲ್ಲಿ ಉತ್ತರ ತಿರುಗಿಸುವುದು ಸಲೀಸು ಅಂತ ಕೆಂಡ್ಲರ್ ದಂಪತಿ ವಿವರಿಸಿದರು.

ವ್ಯತ್ಯಾಸ ಎಲ್ಲಿದೆ ಅಂದರೆ, ಕೆಂಡ್ಲರ್ ಪ್ರಯೋಗದಲ್ಲಿ ಮಗುವಿಗೆ ಯಾರೂ ನಿಯಮ ಹೇಳಿಕೊಡುವುದಿಲ್ಲ. ಆರಿಸುತ್ತಾ, ಬಹುಮಾನ ಸಿಕ್ಕಿತೋ ಇಲ್ಲವೋ ನೋಡುತ್ತಾ ಮಗು ತಾನೇ ಕಂಡುಕೊಳ್ಳಬೇಕು. ನಿಯಮ ಬದಲಾದದ್ದನ್ನೂ ಹೇಳುವುದಿಲ್ಲ. ಅಜ್ಜಿ ಎರಡನ್ನೂ ಹೇಳಿದ್ದರು. ಮನೆಯಲ್ಲಿ ಮಕ್ಕಳು ಎರಡೂ ಬಗೆಯ ಬದಲಾವಣೆ ಎದುರಿಸುತ್ತಾರೆ, ಹೇಳಿ ಮಾಡಿದ್ದು ಮತ್ತು ಹೇಳದೆ ಮಾಡಿದ್ದು. ನನ್ನ ಅನುಭವದಲ್ಲಿ ಹೇಳದೆ ಮಾಡಿದ್ದೇ ಜಾಸ್ತಿ. ನಿನ್ನೆವರೆಗೆ ಅಜ್ಜನ ಚೀಲ ಮುಟ್ಟಿದರೆ ನಗು, ಇವತ್ತು ಗದರಿಕೆ. ಮಗುವಿಗೆ ಅಲ್ಲಿ ಬಹುಮಾನ ನಿಂತದ್ದು ಮಾತ್ರ ಗೊತ್ತಾಗುತ್ತದೆ.

ಏನು ಮಾಡಿದೆವು, ಏನು ಫಲಿಸಿತು

ಮೊದಲು ಗಟ್ಟಿಯಾಗಿ ಹೇಳುವುದನ್ನು ನಿಲ್ಲಿಸಿದೆವು. ಮಾಣಿಗೆ ನಿಯಮ ಕೇಳಿಸಿತ್ತು, ನೆನಪೂ ಇತ್ತು. ಇರುವುದನ್ನೇ ಮತ್ತೆ ಕೊಟ್ಟರೆ ಏನು ಲಾಭ?

ಆಮೇಲೆ ಬುಟ್ಟಿಗಳನ್ನು ಅಡಿಕೆ ಹಾಳೆಯಿಂದ ಮುಚ್ಚಿ, ಅಡಿಕೆ ಹಾಕುವಷ್ಟು ಮಾತ್ರ ಸಂದಿ ಬಿಟ್ಟೆವು. ಇದಕ್ಕೆ ಕಾರಣ ಇದೆ. ನತಾಶಾ ಕಿರ್ಕಮ್, ಲೋರೆನ್ ಕ್ರೂಸ್ ಮತ್ತು ಡೈಮಂಡ್ 2003ರಲ್ಲಿ, ಹಾಕಿದ ಕಾರ್ಡುಗಳು ಮೇಲ್ಮುಖವಾಗಿ ಕಾಣುತ್ತಿದ್ದರೆ ನಾಲ್ಕು ವರ್ಷದ ಮಕ್ಕಳೂ ತಪ್ಪುತ್ತಾರೆ ಅಂತ ತೋರಿಸಿದ್ದರು. ಜಗುಲಿಯಲ್ಲೂ ಗೋಡೆ ಕಡೆಯ ಬುಟ್ಟಿ ಹಸಿರಿನಿಂದ ತುಂಬಿ ಕಾಣುತ್ತಿತ್ತು. ಹಸಿರು ಹಸಿರಿನ ಹತ್ತಿರ ಹೋಗುವುದು ಸಹಜ. ಆದರೆ ಮುಚ್ಚಿದ್ದರಿಂದ ಮಾಣಿಗೆ ಹೆಚ್ಚು ಸಹಾಯ ಆಗಲಿಲ್ಲ. ಅವನ ಆಸಕ್ತಿ ಹಾಳೆ ಎತ್ತಿ ನೋಡುವುದರ ಕಡೆ ಹೋಯಿತು.

ಅದೇ ಪ್ರಯೋಗದ ಇನ್ನೊಂದು ಭಾಗ ಮಗುವಿನಿಂದಲೇ ಹೇಳಿಸುವುದು. ದೊಡ್ಡವರು "ಇದು ಸಣ್ಣದು" ಅನ್ನುವ ಬದಲು, ಅಡಿಕೆ ಕೊಡುವಾಗ "ಇದು ದೊಡ್ಡದೋ, ಸಣ್ಣದೋ?" ಅಂತ ಕೇಳುವುದು. ಮಾಣಿ "ಸಣ್ಣದು" ಅಂದ, ಅಡಿಕೆ ನೋಡಿದ, ಬಾಗಿಲ ಕಡೆಗೆ ಹಾಕಿದ. ಇನ್ನೊಂದು ಕೊಟ್ಟೆವು, ಕೇಳಿದೆವು, ಸರಿ ಹಾಕಿದ. ಕೇಳುವುದನ್ನು ನಿಲ್ಲಿಸಿದ ಕೂಡಲೇ ಮತ್ತೆ ಬಣ್ಣಕ್ಕೆ ಜಾರಿದ. ಈ ಉಪಾಯ ಎಲ್ಲ ಮಕ್ಕಳಿಗೂ ಫಲಿಸುತ್ತದೆ ಅನ್ನುವ ಹಾಗಿಲ್ಲ. ಆಮೇಲಿನ ಸಂಶೋಧನೆಗಳಲ್ಲಿ ಇದರಿಂದ ಲಾಭ ಕಾಣದ್ದೂ ಇದೆ. ಮಾಣಿಗೆ ಕೇಳುವಷ್ಟು ಹೊತ್ತು ಫಲಿಸಿತು.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಎರಡು ಗುಣಗಳನ್ನು ಬೇರೆ ಬೇರೆ ಇಟ್ಟದ್ದು. ಡಾನಿಯೆಲಾ ಕ್ಲೂ ಮತ್ತು ಪರ್ನರ್ 2005ರಲ್ಲಿ ಕಾರ್ಡಿನ ಮೇಲೆ ಬಣ್ಣ ತುಂಬಿದ ಚಿತ್ರದ ಬದಲು, ಬಣ್ಣವಿಲ್ಲದ ಆಕೃತಿ ಒಂದು ಕಡೆ, ಬಣ್ಣ ತುಂಬಿದ ವೃತ್ತ ಪಕ್ಕದಲ್ಲಿ ಅಂತ ಬರೆದು ಕೊಟ್ಟಿದ್ದರು. ಮಕ್ಕಳಿಗೆ ಸುಲಭವಾಯಿತು. ಅಡಿಕೆಯಿಂದ ಬಣ್ಣ ಕೀಳಲು ಆಗುವುದಿಲ್ಲವಲ್ಲ. ಆಯಿ ಒಂದು ದಾರಿ ಹುಡುಕಿದರು. ಸಣ್ಣ ಬಟ್ಟೆಯ ತುಂಡಿನಲ್ಲಿ ಅಡಿಕೆಯನ್ನು ಸುತ್ತಿ ಮಾಣಿಯ ಕೈಗೆ ಕೊಟ್ಟರು. ಬಣ್ಣ ಕಾಣಲಿಲ್ಲ, ಗಾತ್ರ ಮಾತ್ರ ಕೈಗೆ ಸಿಕ್ಕಿತು. ಮಾಣಿ ಒಂದೂ ತಪ್ಪಲಿಲ್ಲ. ಕೆಲವು ಅಡಿಕೆ ಹೀಗೆ ಹಾಕಿದ ಮೇಲೆ ಬಟ್ಟೆ ತೆಗೆದೆವು. ಆ ರಾತ್ರಿ ಹೆಚ್ಚಿನವು ಸರಿಯಾಗಿ ಬಿದ್ದವು. ಮಾರನೇ ದಿನ ಮೊದಲ ಆಟ ಮತ್ತೆ ಬಣ್ಣದಿಂದ ಶುರುವಾದಾಗ ಮತ್ತೆ ಸಿಕ್ಕಿಕೊಂಡ. ಆದರೆ ಹೊರಗೆ ತರುವ ದಾರಿ ಈಗ ಮನೆಯವರಿಗೆ ಗೊತ್ತಿತ್ತು.

ಇನ್ನೊಂದು ಸರಳ ವಿಷಯ, ಅಜ್ಜಿಯ ಯೋಚನೆ. ಹೊಸ ನಿಯಮಕ್ಕೆ ಹೊಸ ಬುಟ್ಟಿ, ಹೊಸ ಜಾಗ. ಬಣ್ಣದ ಆಟ ಜಗುಲಿಯಲ್ಲಿ, ಗಾತ್ರದ ಆಟ ಅಡಿಗೆಮನೆಯ ಬಾಗಿಲ ಹತ್ತಿರ ಹಾಳೆಯ ಮೇಲೆ. ಅಡಿಕೆ ಅದೇ ಆದರೂ ಗೋಡೆ ಕಡೆಯ ಬುಟ್ಟಿಯ ನೆನಪು ಅಲ್ಲಿಗೆ ಬರಲಿಲ್ಲ. ಮಾಣಿ ಅಲ್ಲಿ ಬೇಗ ಹೊಂದಿಕೊಂಡ.

ಅಂಗನವಾಡಿಯ ಶಿಕ್ಷಕಿಗೆ ಇಷ್ಟನ್ನು ಹೇಳಿದಾಗ ಅವರು ತಕ್ಷಣ ಒಪ್ಪಿದರು. ಅವರ ಕೋಣೆಯಲ್ಲಿ ಕೆಂಪು ಡಬ್ಬಿ, ಹಸಿರು ಡಬ್ಬಿ, ಹಳದಿ ಡಬ್ಬಿ ಹಾಗೇ ಇದ್ದವು. ಆಕಾರ ನೋಡಿ ತುಂಬಿಸಿ ಅಂತ ಹೇಳಿ, ಡಬ್ಬಿಯ ಬಣ್ಣವನ್ನು ಕಣ್ಣೆದುರಿಗೇ ಬಿಟ್ಟಿದ್ದರು. ಈಗ ಆಕಾರದ ಆಟಕ್ಕೆ ಒಂದೇ ತರದ ರಟ್ಟಿನ ಪೆಟ್ಟಿಗೆ ಬಂದಿವೆ, ಮೇಲೆ ಚೌಕ, ವೃತ್ತ, ತ್ರಿಕೋನ ಬರೆದಿದ್ದಾರೆ. ಮಾಣಿಯೊಬ್ಬನೇ ಅಲ್ಲ, ಇನ್ನೂ ಮೂರ್ನಾಲ್ಕು ಮಕ್ಕಳು ಬಣ್ಣದಲ್ಲೇ ಇದ್ದರು ಅಂತ ಅವರೇ ಆಮೇಲೆ ಗಮನಿಸಿದರು. ಮಾಣಿ ಬುಟ್ಟಿ ಮಗುಚಿದ ಸುದ್ದಿ ಊರಲ್ಲಿ ಓಡಾಡಿದ್ದರಿಂದ ಅವನ ಹೆಸರು ಮಾತ್ರ ಮುಂದೆ ಬಂದಿತ್ತು. ಇದು ನನಗೆ ನೋವಿನ ಸಂಗತಿ. ಒಂದು ಮಗುವಿಗೆ ಮೂರೂವರೆ ವರ್ಷಕ್ಕೇ ಇಂಥ ಹೆಸರು ಅಂಟುವುದು ಎಷ್ಟು ಸುಲಭ!

ಎರಡು ಭಾಷೆಯ ಮಕ್ಕಳಿಗೆ ಈ ಆಟ ಸುಲಭವೇ ಅಂತ ಶಿಕ್ಷಕಿ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಸಹಜ ಪ್ರಶ್ನೆ. ಮಾಣಿ ಮನೆಯಲ್ಲಿ ಹವ್ಯಕ ಮಾತಾಡುತ್ತಾನೆ, ಅಂಗನವಾಡಿಯಲ್ಲಿ ಶಾಲೆಯ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ ಕೇಳುತ್ತಾನೆ. ಎಲೆನ್ ಬಿಯಾಲಿಸ್ಟಾಕ್ 1999ರಲ್ಲಿ ಎರಡು ಭಾಷೆಯ ಮಕ್ಕಳು ಕಾರ್ಡಿನ ಆಟದಲ್ಲಿ ಮುಂದಿದ್ದರು ಅಂತ ಬರೆದರು. ಆಮೇಲೆ ಬಂದ ಫಲಿತಾಂಶಗಳು ಒಂದೇ ತರ ಇಲ್ಲ. ಅದರ ಮೇಲೆ ಮಾಣಿಯ ಬಗ್ಗೆ ಏನೂ ಹೇಳಲು ನಾನು ಸಿದ್ಧಳಿಲ್ಲ.

ಈಗ

ಮುಂದಿನ ಕೊಯ್ಲಿನ ಹೊತ್ತಿಗೆ ಮಾಣಿಗೆ ನಾಲ್ಕೂವರೆ. ಅದೇ ರಾಶಿ, ಅದೇ ಬುಟ್ಟಿ, ಜಗುಲಿಯಲ್ಲೇ. ಬಣ್ಣದಿಂದ ಗಾತ್ರಕ್ಕೆ ಅಂದ ಕೂಡಲೇ ಬದಲಾಯಿಸಿದ. ಒಂದು ಸಣ್ಣ ಹಸಿರನ್ನು ಗೋಡೆ ಕಡೆಗೆ ಒಯ್ದು, ಕೈ ಹಿಂದೆ ತೆಗೆದು, ಬಾಗಿಲ ಕಡೆಗೆ ಹಾಕಿದ. ಇದರಲ್ಲಿ ನಮ್ಮ ಬಟ್ಟೆ ಸುತ್ತಿದ ಆಟದ ಪಾಲು ಎಷ್ಟು, ಒಂದು ವರ್ಷ ಬೆಳೆದದ್ದರ ಪಾಲು ಎಷ್ಟು ಅಂತ ಒಬ್ಬ ಮಗುವನ್ನು ನೋಡಿ ಬೇರೆ ಮಾಡಲು ಬರುವುದಿಲ್ಲ. ಬೆಳೆದದ್ದರ ಪಾಲೇ ಜಾಸ್ತಿ ಇರಬೇಕು. ಆ ಆಟಗಳಿಂದ ಖಂಡಿತ ಆದ ಲಾಭ ಅಂದರೆ, ನಡುವಿನ ಒಂದು ವರ್ಷ ಮನೆಯಲ್ಲಿ ಈ ವಿಷಯಕ್ಕೆ ಅವನು ಬೈಗುಳ ತಿನ್ನಲಿಲ್ಲ.

ಎರಡು ನಿಯಮ ಬೆರೆಸಿದರೆ ಅವನಿಗೆ ಇನ್ನೂ ಕಷ್ಟ. ಅಕ್ಕ ಒಂದು ಆಟ ಕಟ್ಟಿದ್ದಾಳೆ. ಅಡಿಕೆಯನ್ನು ಹಾಳೆಯ ಮೇಲಿಟ್ಟು ಕೊಟ್ಟರೆ ಬಣ್ಣ ನೋಡಬೇಕು, ಬರಿಗೈಯಲ್ಲಿ ಕೊಟ್ಟರೆ ಗಾತ್ರ. ಝೆಲಾಜೊ ಆಟದಲ್ಲೂ ಸ್ವಲ್ಪ ದೊಡ್ಡ ಮಕ್ಕಳಿಗೆ ಕಾರ್ಡಿನ ಸುತ್ತ ಗೆರೆ ಇದ್ದರೆ ಒಂದು ನಿಯಮ, ಇಲ್ಲದಿದ್ದರೆ ಇನ್ನೊಂದು ಅಂತ ಇದೆ. ಅಕ್ಕನಿಗೆ ಅದು ಗೊತ್ತಿಲ್ಲ, ಅವಳೇ ಯೋಚಿಸಿ ಮಾಡಿದ್ದು. ಇದರಲ್ಲಿ ಮಾಣಿ ಬೇಗ ಸೋಲುತ್ತಾನೆ. ಅಕ್ಕನೂ ಅವಸರ ಮಾಡಿದರೆ ತಪ್ಪುತ್ತಾಳೆ. ದೊಡ್ಡಪ್ಪ ಒಮ್ಮೆ ಕೂತು ಆಡಿ, ನಾಲ್ಕನೇ ಅಡಿಕೆಗೇ ತಪ್ಪಿದರು.